ಎಟಿಮಾಲಜಿಬ್ಯಾಂಕ್: ಡಚ್ ಪದಗಳ ಬೇರು ಹುಡುಕುವವರಿಗೆ

ಬಳ್ಳಾರಿಯ ಕೌಲ್ ಬಜಾರಿನಲ್ಲಿ ಹೊಲಿಯುವ ಜೀನ್ಸ್ ಪ್ಯಾಂಟಿಗೆ ಡಚ್ಚರು ‘ಸ್ಪೈಕರ್‌ಬ್ರುಕ್’ ಅಂತಾರೆ. ಸ್ಪೈಕರ್ ಅಂದರೆ ಮೊಳೆ, ಬ್ರುಕ್ ಅಂದರೆ ಪ್ಯಾಂಟು. ಜೇಬಿನ ಮೂಲೆ ಹರಿಯದಿರಲೆಂದು ಬಡಿಯುವ ರಿವೆಟ್ಟೇ ಆ ಮೊಳೆ. 1873ರಲ್ಲಿ ಜೇಕಬ್ ಡೇವಿಸ್ ಮತ್ತು ಲೀವೈ ಸ್ಟ್ರಾಸ್ ಪೇಟೆಂಟ್ ಪಡೆದದ್ದು ಅದಕ್ಕೇ. ಪದಗಳ ಮೂಲ ತಿಳಿಸುವ ಎಟಿಮಾಲಜಿಬ್ಯಾಂಕ್ ಎಂಬ ಡಚ್ ಜಾಲತಾಣ ಎಷ್ಟು ಗಟ್ಟಿ ಎಂದು ನೋಡಲು ಈ ಪದ ಹೇಳಿ ಮಾಡಿಸಿದಂತಿದೆ.

ತಾಣ ಬಳಸಲು ದುಡ್ಡು ಕೊಡಬೇಕಿಲ್ಲ. ಒಂದು ಪದ ಹಾಕಿದರೆ ಹಲವು ವ್ಯುತ್ಪತ್ತಿ (ಪದಮೂಲ) ನಿಘಂಟುಗಳ ವಿವರಣೆ ಒಂದರ ಕೆಳಗೊಂದು ಬರುತ್ತದೆ. ಅದರ ದೊಡ್ಡ ಗುಣವೆಂದರೆ ಒಂದೇ ರೂಪದ ಬೇರೆ ಬೇರೆ ಪದಗಳನ್ನು ಬೆರೆಸದೆ ಬಿಡಿಸಿಡುವುದು. ಸ್ಪೈಕರ್ ಎರಡಿವೆ. ಮೊಳೆ ಅನ್ನುವ ಅರ್ಥದ್ದು ಡಚ್, ಜರ್ಮನ್, ಇಂಗ್ಲಿಷ್ ಸೇರಿದ ಜರ್ಮ್ಯಾನಿಕ್ ಭಾಷೆಗಳ ಮನೆತನದ್ದು. ಇನ್ನೊಂದು ಹಳೆಯ ಸ್ಪೈಕರ್, ಅರ್ಥ ಕಣಜ. ಅದು ಲ್ಯಾಟಿನ್ನಿನ ‘ಸ್ಪೀಕಾರಿಯುಂ’ನಿಂದ ಬಂದದ್ದು. ಅದರೊಳಗಿರುವುದು ‘ಸ್ಪೀಕ’, ಅಂದರೆ ತೆನೆ. ನಮ್ಮ ಚಿತ್ತಾ ನಕ್ಷತ್ರಕ್ಕೆ ಪಶ್ಚಿಮದಲ್ಲಿರುವ ಹೆಸರೂ ಇದೇ, ಕನ್ಯೆಯ ಕೈಯಲ್ಲಿರುವ ತೆನೆ. ಚಿತ್ತಾ ಮಳೆಯ ಲೆಕ್ಕ ಇಟ್ಟು ಹಿಂಗಾರಿ ಮಾಡುವ ರಾಯಚೂರು, ಕೊಪ್ಪಳದ ಎರಿ ಸೀಮೆಯವರಿಗೆ ಇದು ಖಂಡಿತ ಹಿಡಿಸುತ್ತದೆ.

ಬ್ರುಕ್ ಕೂಡ ಎರಡು: ಒಂದು ಪ್ಯಾಂಟು, ಇನ್ನೊಂದು ಜೌಗು ನೆಲ. ಪ್ಯಾಂಟು ಅನ್ನುವ ಅರ್ಥದ ಲ್ಯಾಟಿನ್ನಿನ ‘ಬ್ರಾಕ’ ನೋಡಿ ಡಚ್ಚರು ಅಲ್ಲಿಂದಲೇ ಪಡೆದರು ಎಂದು ಬರೆದುಬಿಡುವವರಿದ್ದಾರೆ. ಅದು ತಪ್ಪು. ಪ್ಯಾಂಟು ತೊಡುತ್ತಿದ್ದವರು ಈಗಿನ ಫ್ರಾನ್ಸ್ ಕಡೆಯ ಪ್ರಾಚೀನ ಗಾಲ್ ಜನ. ರೋಮನ್ನರು ಉಡುಪನ್ನೂ ಹೆಸರನ್ನೂ ಅವರಿಂದಲೇ ತೆಗೆದುಕೊಂಡರು, ಅಂದರೆ ‘ಬ್ರಾಕ’ವೇ ಲ್ಯಾಟಿನ್ನಿಗೆ ಎರವಲು.

ತೊಡಕುಗಳೂ ಇವೆ. ಎಲ್ಲವೂ ಡಚ್ಚಿನಲ್ಲೇ ಇದೆ, ಕನ್ನಡವಿರಲಿ, ಇಂಗ್ಲಿಷಿನ ವಿವರಣೆಯೂ ಇಲ್ಲ. ‘ಐ’ ಎಂದು ಕೇಳುವ ಸ್ವರಕ್ಕೆ ಸ್ಪೈಕರ್ ಪದದಲ್ಲಿ ಐ ಮತ್ತು ಜೆ ಎರಡೂ ಅಕ್ಷರ ಹಾಕಬೇಕು: ಎಸ್, ಪಿ, ಐ, ಜೆ, ಕೆ, ಇ, ಆರ್. ವೈ ಹಾಕಿದರೆ ಕಾಗುಣಿತ ತಪ್ಪುತ್ತದೆ. ಬಹುವಚನ ಬೇಡ, ಏಕವಚನದಲ್ಲೇ ಹುಡುಕಿ. ವಿವರಣೆಯನ್ನು ಹಾಗೇ ಅನುವಾದ ಯಂತ್ರಕ್ಕೆ ಹಾಕಿದರೆ ‘ಎಂಎನ್‌ಎಲ್’ನಂಥ ಸಂಕ್ಷೇಪಗಳು ಕೆಡುತ್ತವೆ, ಮೊದಲು ಅದನ್ನು ‘ಮಧ್ಯಕಾಲದ ಡಚ್’ ಎಂದು ಬಿಡಿಸಿಕೊಳ್ಳಿ. ಪದದ ಮುಂದೆ ನಕ್ಷತ್ರ ಚಿಹ್ನೆ (*) ಇದ್ದರೆ ಆ ರೂಪ ಎಲ್ಲೂ ಬರೆದು ಸಿಕ್ಕಿದ್ದಲ್ಲ, ವಿದ್ವಾಂಸರು ಊಹಿಸಿ ಕಟ್ಟಿದ್ದು. ಅದನ್ನು ದಾಖಲೆ ಎಂದು ಉಲ್ಲೇಖಿಸಬೇಡಿ.

ಮೊದಲ ವಿವರಣೆ ಓದಿ ನಿಲ್ಲಿಸುವುದೂ ಸರಿಯಲ್ಲ. ಹಳೆಯ ನಿಘಂಟಿಗೂ ಹೊಸದಕ್ಕೂ ಭಿನ್ನಾಭಿಪ್ರಾಯ ಇರುವಲ್ಲಿ ಪ್ರತಿಯೊಂದರ ಇಸವಿ ನೋಡಿ ತೂಗಬೇಕು. ಲ್ಯಾಟಿನ್ ಪದವನ್ನು ಬೇರೆಡೆ ತಾಳೆ ನೋಡುವಾಗ ಇನ್ನೊಂದು ಎಚ್ಚರ: ಸ್ಪೀಕಾರಿಯುಂ ತಡವಾದ ಕಾಲದ ಪದ. ಕ್ರಿ.ಪೂ. ಒಂದನೇ ಶತಮಾನದ ರೋಮನ್ ವಾಗ್ಮಿ ಸಿಸೆರೊ ಕಾಲದ ಲ್ಯಾಟಿನ್ನಿಗೆ ಮಾಡಿದ ಕೋಶದಲ್ಲಿ ಅದು ಕಾಣದಿದ್ದರೆ ಮಧ್ಯಯುಗದ ಲ್ಯಾಟಿನ್ ಕೋಶ ತೆರೆಯಿರಿ.