ಅಮ್ಮನ ಕಣ್ಣು, ಶಿಷ್ಯೆಯ ಘಟಿಕೋತ್ಸವ: ಗೂಗಲ್ ಕ್ಯಾಲೆಂಡರ್ ಬಳಸಿದ ಅನುಭವ

ನಾಲ್ಕು ತಿಂಗಳಿಂದ ನಮ್ಮ ಮನೆಯಲ್ಲಿ ಎಲ್ಲರೂ ಗೂಗಲ್ ಕ್ಯಾಲೆಂಡರ್ ಬಳಸುತ್ತಿದ್ದೇವೆ. ಅದರಲ್ಲೂ ಮನೆಯವರೆಲ್ಲ ಹಂಚಿಕೊಳ್ಳುವ ಫ್ಯಾಮಿಲಿ ಕ್ಯಾಲೆಂಡರ್. ಮನೆ, ಪಾಠ ಎರಡನ್ನೂ ಹೊತ್ತು ಓಡಾಡುವವರಿಗೆ ಧೈರ್ಯವಾಗಿ ಹೇಳುತ್ತೇನೆ, ಬಳಸಿ ನೋಡಿ.

ಮೂರು ವರ್ಷದ ಹಿಂದೆ, ನಾನು ಗೈಡ್ ಆಗಿದ್ದ ಹುಡುಗನ ಘಟಿಕೋತ್ಸವಕ್ಕೆ ಹೋಗಲಾಗಲಿಲ್ಲ. ದಿನಾಂಕ ನನ್ನ ಡೈರಿಯಲ್ಲಿತ್ತು, ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಇವರು ಅದೇ ದಿನ ನೆಂಟರ ಮದುವೆಗೆ ಟಿಕೆಟ್ ಮಾಡಿಸಿದ್ದರು. ಅವನು ಕಳಿಸಿದ ಫೋಟೋದಲ್ಲಿ ನಾನಿಲ್ಲ. ಈಗಲೂ ನೋಯುತ್ತದೆ.

ಈ ಸಲ ಆರು ವರ್ಷ ನನ್ನ ಜೊತೆ ದುಡಿದ ಹುಡುಗಿಯ ಸರದಿ. ಎಷ್ಟೋ ಜನಕ್ಕೆ ಪಾಠ ಮಾಡಿದ್ದೇನೆ, ಆದರೆ ಇವಳು ಮಗಳ ಹಾಗೆ. ವಿಶ್ವವಿದ್ಯಾಲಯದವರು ದಿನಾಂಕ ಮುಂದಕ್ಕೆ ಹಾಕಿದರು. ಅದು ಸರಿಯಾಗಿ ಅಮ್ಮನ ಕಣ್ಣಿನ ಪೊರೆ ಆಪರೇಷನ್ನಿನ ಮಾರನೇ ದಿನ. ಅವತ್ತು ಬೆಳಿಗ್ಗೆಯೇ ಅಮ್ಮನನ್ನು ಚೆಕಪ್‌ಗೆ ಕರೆದುಕೊಂಡು ಹೋಗಬೇಕು. "ನೀವು ಬರದಿದ್ರೂ ಪರವಾಗಿಲ್ಲ ಮೇಡಂ" ಅಂದಳು. ಅವಳ ದನಿಯಲ್ಲಿ ಪರವಾಗಿಲ್ಲ ಅನ್ನೋದು ಇರಲಿಲ್ಲ.

ಕ್ಯಾಲೆಂಡರ್‌ನಲ್ಲಿ ಹೊಸ ದಿನಾಂಕ ಹಾಕಿದ ತಕ್ಷಣ ಘಟಿಕೋತ್ಸವ, ಚೆಕಪ್ ಎರಡೂ ಅಕ್ಕಪಕ್ಕದ ಪೆಟ್ಟಿಗೆಗಳಾಗಿ ಕಂಡವು. ಎರಡೂ ಒಂಬತ್ತೂವರೆಗೆ. ಮಗಳನ್ನು ಕೇಳೋಣವೆಂದರೆ ಅವಳಿಗೂ ಕೆಲಸದ ಒತ್ತಡ, ಬಾಯಿ ಬರಲಿಲ್ಲ. ರಾತ್ರಿ ನೋಡಿದರೆ ಚೆಕಪ್‌ನ ಹೆಸರು ಬದಲಾಗಿತ್ತು: "ಅಜ್ಜಿ ಚೆಕಪ್, ನಾನು ಹೋಗ್ತೀನಿ". ಫ್ಯಾಮಿಲಿ ಕ್ಯಾಲೆಂಡರ್‌ನಲ್ಲಿ ಯಾರು ಬೇಕಾದರೂ ತಿದ್ದಬಹುದು, ಅಳಿಸಲೂಬಹುದು. ಮೊದಲು ಅದು ನನಗೆ ಇಷ್ಟವಿರಲಿಲ್ಲ. ಅವತ್ತಿನಿಂದ ಅದೇ ಇದರ ದೊಡ್ಡ ಗುಣ ಅನಿಸಿದೆ.

ಕೆಲವು ವಿಷಯ ಮೊದಲೇ ತಿಳಿದಿರಲಿ. ಫ್ಯಾಮಿಲಿ ಗುಂಪಿನಲ್ಲಿ ಒಟ್ಟು 6 ಜನಕ್ಕಷ್ಟೇ ಜಾಗ. ಅದಕ್ಕಿಂತ ದೊಡ್ಡ ಮನೆಯಾದರೆ ಬೇರೆ ಕ್ಯಾಲೆಂಡರ್ ಮಾಡಿ ಹಂಚಿಕೊಳ್ಳಬೇಕು. ಅಲ್ಲಿ ಯಾರು ಸುಮ್ನೆ ನೋಡಬಹುದು, ಯಾರು ತಿದ್ದಬಹುದು ಅಂತ ನೀವೇ ತೀರ್ಮಾನಿಸಬಹುದು. ನೆನಪಿನ ಗಂಟೆಯನ್ನು ಅವರವರ ಫೋನಿನಲ್ಲಿ ಅವರವರೇ ಇಟ್ಟುಕೊಳ್ಳಬೇಕು. ನಾನು ಇಟ್ಟರೆ ಮಗಳ ಫೋನಿನಲ್ಲಿ ಬಡಿಯುವುದಿಲ್ಲ. ದಾರಿಗೆ ಬೇಕಾಗುವ ಹೊತ್ತನ್ನೂ ಬೇರೆಯಾಗಿ ಬರೆದಿಡಿ. ಅಪ್ಪಿತಪ್ಪಿ ಏನಾದರೂ ಅಳಿಸಿದರೆ ಸುಮಾರು 30 ದಿನ ಕಸದ ಬುಟ್ಟಿಯಲ್ಲಿರುತ್ತದೆ, ವಾಪಸ್ ತರಬಹುದು.

ಬೇಸರ ಬಂದದ್ದು ಕಣ್ಣಿನ ಡ್ರಾಪ್ಸ್ ವಿಷಯದಲ್ಲಿ. ದಿನಕ್ಕೆ ನಾಲ್ಕು ಸಲ ಹಾಕಬೇಕು. "ಪ್ರತಿದಿನ" ಅಂತ ಇಡಬಹುದು, "ದಿನಕ್ಕೆ ನಾಲ್ಕು ಸಲ" ಅಂತ ಒಂದೇ ಸಾರಿ ಇಡಲಾಗದು. ನಾಲ್ಕನ್ನೂ ಬೇರೆ ಬೇರೆ ಮಾಡಿದೆ. ಅಷ್ಟಕ್ಕೆ ಅರ್ಧ ಅಂಕ ಕಡಿಮೆ, ಐದಕ್ಕೆ ನಾಲ್ಕೂವರೆ.

ಘಟಿಕೋತ್ಸವಕ್ಕೆ ಹೋದೆ. ಎರಡನೇ ಸಾಲಿನಲ್ಲಿ ಅವಳ ಅಪ್ಪ ಅಮ್ಮನ ಪಕ್ಕ ಕೂತಿದ್ದೆ. ಇನ್ನೇನು ಅವಳ ಹೆಸರು ಕೂಗಬೇಕು, ಅಷ್ಟರಲ್ಲಿ ಮಧ್ಯಾಹ್ನದ ಡ್ರಾಪ್ಸ್ ಗಂಟೆಗೆ ಫೋನು ನಡುಗಿತು. ತೆರೆದು ನೋಡಿದೆ. ಮಗಳು ಆಗಲೇ ಬರೆದಿದ್ದಳು: "ಅಜ್ಜಿಗೆ ಡ್ರಾಪ್ಸ್, ಹಾಕಾಯ್ತು". ಫೋನು ಬ್ಯಾಗಿಗೆ ಹಾಕಿ ಎದ್ದು ನಿಂತು ಚಪ್ಪಾಳೆ ತಟ್ಟಿದೆ.