ಸಿದ್ಧ ವಿಮಾನ ಮತ್ತು ಕೈಯಾರೆ ಕಟ್ಟಿದ ವಿಮಾನ: ಹಾರಿಸುವ ಮೊದಲಿನ ಹತ್ತು ನಿಮಿಷ

ಕಳೆದ ಎರಡು ವರ್ಷಗಳಿಂದ ತುಮಕೂರಿನ ಹೊರವಲಯದ ಒಣಗಿದ ಕೆರೆಯಂಗಳದಲ್ಲಿ ನಾನು ಎರಡು ಪುಟ್ಟ ರೇಡಿಯೋ ನಿಯಂತ್ರಿತ ವಿಮಾನಗಳನ್ನು ಹಾರಿಸುತ್ತಿದ್ದೇನೆ. ಒಂದು, ಪೆಟ್ಟಿಗೆಯಿಂದ ತೆಗೆದು ರೆಕ್ಕೆ ಸಿಕ್ಕಿಸಿದರೆ ಹಾರಲು ಸಿದ್ಧವಾಗುವ, ಜೈರೋ (ವಾಲುವುದನ್ನು ಗ್ರಹಿಸಿ ತಾನಾಗಿ ತಿದ್ದುವ ಸಾಧನ) ಅಳವಡಿಸಿದ ಫೋಮ್ ವಿಮಾನ. ಇನ್ನೊಂದು, ಮೋಟಾರು, ರೆಕ್ಕೆ-ಬಾಲದ ಫಲಕಗಳನ್ನು ತಿರುಗಿಸುವ ಸರ್ವೋ, ಸಿಗ್ನಲ್ ಹಿಡಿಯುವ ರಿಸೀವರ್‌ಗಳನ್ನು ಬಿಡಿಯಾಗಿ ಕೊಂಡು ಫೋಮ್ ಹಾಳೆಗಳಿಂದ ನಾನೇ ಕಟ್ಟಿದ, ಜೈರೋ ಇಲ್ಲದ, 1 ಮೀಟರ್ ರೆಕ್ಕೆಯ ವಿಮಾನ. ಮೊದಲನೆಯದಕ್ಕೆ ₹14,000 ತೆತ್ತಿದ್ದರೂ ನನ್ನ ಒಲವು ಎರಡನೆಯದರ ಕಡೆಗೇ. ಕಾರಣವಿರುವುದು ಹಾರಾಟದಲ್ಲಿ ಅಲ್ಲ, ಹಾರಿಸುವ ಮೊದಲು ಮಾಡುವ ಪರೀಕ್ಷೆಯಲ್ಲಿ.

ಸಿದ್ಧ ವಿಮಾನದ ಗುಣವನ್ನು ಮೊದಲು ಹೇಳಿಬಿಡುತ್ತೇನೆ. ಕೊಂಡ ದಿನವೇ ಅದು ಹಾರಿತು. ಗಾಳಿ ತಳ್ಳಿದಾಗ ಜೈರೋ ತಾನಾಗಿ ರೆಕ್ಕೆಗಳನ್ನು ಸಮ ಮಾಡುತ್ತಿತ್ತು. ಹೊಸಬನಾಗಿದ್ದ ನನಗೆ ಅದರಿಂದ ಬಂದ ಧೈರ್ಯ ಸಣ್ಣದಲ್ಲ.

ತೊಡಕು ಬಂದದ್ದು ಮೂರನೆಯ ತಿಂಗಳಲ್ಲಿ. ಒರಟಾಗಿ ಇಳಿದ ಒಂದು ದಿನ ಎಲಿವೇಟರ್ (ಮೂತಿಯನ್ನು ಏರಿಸಿ ಇಳಿಸುವ ಬಾಲದ ಫಲಕ) ತಿರುಗಿಸುವ ಸರ್ವೋದ ಗೇರಿನ ಹಲ್ಲು ಮುರಿಯಿತು. ಅದೇ ಅಳತೆಯ ಬೇರೊಂದು ಸರ್ವೋ ತಂದು ಕೂರಿಸಿದೆ. ಅದು ತಿರುಗುವ ದಿಕ್ಕು ಹಳೆಯದಕ್ಕೆ ವಿರುದ್ಧವಾಗಿದ್ದುದರಿಂದ, ಟ್ರಾನ್ಸ್‌ಮಿಟರಿನ (ಕೈಯಲ್ಲಿ ಹಿಡಿಯುವ ರಿಮೋಟಿನ) ಸ್ಟಿಕ್ಕನ್ನು ಹಿಂದಕ್ಕೆ ಎಳೆದರೆ ಎಲಿವೇಟರ್ ಏಳುವ ಬದಲು ಇಳಿಯಿತು. ಟ್ರಾನ್ಸ್‌ಮಿಟರಿನಲ್ಲಿ ಎಲಿವೇಟರ್ ಚಾನೆಲ್ಲಿನ, ಆಜ್ಞೆಯ ದಿಕ್ಕು ತಿರುಗಿಸುವ ರಿವರ್ಸ್ ಸ್ವಿಚ್ಚನ್ನು ಬದಲಿಸಿದೆ. ಎಳೆದರೆ ಏಳುತ್ತದೆ, ತಳ್ಳಿದರೆ ಇಳಿಯುತ್ತದೆ; ಎಲ್ಲವೂ ಸರಿಯಾಯಿತೆಂದು ನಂಬಿ ಮರುದಿನ ಬೆಳಿಗ್ಗೆ ಕೆರೆಯಂಗಳಕ್ಕೆ ಹೋದೆ.

ಕೈಯಿಂದ ಬಿಟ್ಟ ಕ್ಷಣದಲ್ಲೇ ಮೂತಿ ಸ್ವಲ್ಪ ಮೇಲೆದ್ದಿತು, ಆಮೇಲೆ ಇನ್ನಷ್ಟು ಎದ್ದಿತು. ನಾನು ಸ್ಟಿಕ್ಕನ್ನು ಪೂರ್ತಿ ಮುಂದಕ್ಕೆ ತಳ್ಳುವಷ್ಟರಲ್ಲಿ ವಿಮಾನ ನೆಟ್ಟಗೆ ನಿಂತು, ವೇಗ ಕಳೆದುಕೊಂಡು, ಮೂತಿ ಕೆಳಗಾಗಿ ನೆಲಕ್ಕೆ ಬಿದ್ದು, ಮೋಟಾರು ಕೂರುವ ಭಾಗ ಎರಡು ತುಂಡಾಯಿತು. ರಿವರ್ಸ್ ಸ್ವಿಚ್ಚಿನಿಂದ ನಾನು ತಿರುಗಿಸಿದ್ದು ಸ್ಟಿಕ್ಕಿನ ಆಜ್ಞೆಯನ್ನು ಮಾತ್ರ. ಜೈರೋ ಇರುವುದು ವಿಮಾನದೊಳಗಿನ ರಿಸೀವರಿನ ಜೊತೆಗೆ. ಅದರ ತಿದ್ದುಪಡಿ ಟ್ರಾನ್ಸ್‌ಮಿಟರಿನ ಮೂಲಕ ಹಾಯದೆ ನೇರವಾಗಿ ಸರ್ವೋಗೆ ಹೋಗುತ್ತದೆ. ಹಾಗಾಗಿ ಮೂತಿ ಎದ್ದಾಗ ಎಲಿವೇಟರನ್ನು ಇಳಿಸಬೇಕಿದ್ದ ಜೈರೋ, ತಲೆಕೆಳಗಾದ ಸರ್ವೋದಿಂದಾಗಿ ಅದನ್ನು ಇನ್ನೂ ಏರಿಸುತ್ತಾ ಹೋಯಿತು.

ಪರಿಹಾರ ಸುಲಭವಾಗಿತ್ತು. ರಿವರ್ಸ್ ಸ್ವಿಚ್ಚನ್ನು ಮೊದಲಿನಂತೆ ಇಟ್ಟು, ಎಲಿವೇಟರನ್ನು ಎಳೆದು ತಳ್ಳುವ ಕಡ್ಡಿಯಂಥ ತಂತಿಯನ್ನು ಸರ್ವೋ ತೋಳಿನ ಆಚೆಯ ತುದಿಗೆ ಸಿಕ್ಕಿಸಿದರೆ ಸ್ಟಿಕ್ಕೂ ಜೈರೋವೂ ಒಟ್ಟಿಗೆ ಸರಿಯಾಗುತ್ತವೆ. ಆದರೆ ಇದರ ಬಗ್ಗೆ ಪೆಟ್ಟಿಗೆಯಲ್ಲಿದ್ದ ಕೈಪಿಡಿಯಲ್ಲಿ ಒಂದು ಸಾಲೂ ಇರಲಿಲ್ಲ. ಜೈರೋ ಇರುವ ವಿಮಾನವನ್ನು ಇಟ್ಟುಕೊಂಡವರು ದಯವಿಟ್ಟು ಪ್ರತಿ ದುರಸ್ತಿಯ ನಂತರ ಇದನ್ನು ಮಾಡಿ: ಪ್ರೊಪೆಲರ್ ಬಿಚ್ಚಿಟ್ಟು, ಜೈರೋ ಚಾಲೂ ಮಾಡಿ, ಸ್ಟಿಕ್ ಮುಟ್ಟದೆ ವಿಮಾನದ ಮೂತಿಯನ್ನು ಕೈಯಿಂದ ಎತ್ತಿ. ಎಲಿವೇಟರ್ ಕೆಳಗಿಳಿಯಬೇಕು. ಬಲರೆಕ್ಕೆಯನ್ನು ಕೆಳಗೆ ವಾಲಿಸಿದರೆ ಬಲ ಏಲರಾನ್ (ರೆಕ್ಕೆಯ ಹಿಂದಿನ ಅಂಚಿನ ಚಲಿಸುವ ಫಲಕ) ಕೆಳಗಿಳಿಯಬೇಕು.

ನಾನು ಕಟ್ಟಿದ ವಿಮಾನದಲ್ಲಿ ಈ ಜೈರೋ ಪರೀಕ್ಷೆಯ ಅಗತ್ಯವೇ ಇಲ್ಲ. ವಿಮಾನದ ಹಿಂದೆ ನಿಂತು ಸ್ಟಿಕ್ಕನ್ನು ಬಲಕ್ಕೆ ತಳ್ಳುತ್ತೇನೆ, ಬಲ ಏಲರಾನ್ ಏಳುತ್ತದೆ. ನೆಲದ ಮೇಲೆ ಕಂಡದ್ದೇ ಆಕಾಶದಲ್ಲೂ ನಡೆಯುತ್ತದೆ. ಗುರುತ್ವ ಕೇಂದ್ರವನ್ನೂ ನಾನೇ ಲೆಕ್ಕ ಹಾಕಿದ್ದರಿಂದ ಅದು ಎಲ್ಲಿರಬೇಕೆಂದು ಗೊತ್ತು: ಮುಂದಿನಿಂದ ಹಿಂದಕ್ಕೆ 18 ಸೆಂ.ಮೀ. ಅಗಲವಿರುವ ರೆಕ್ಕೆಗೆ ಮುಂಚೂಣಿ ಅಂಚಿನಿಂದ 5 ಸೆಂ.ಮೀ. ಹಿಂದೆ. ರೆಕ್ಕೆಯ ಅಡಿಯಲ್ಲಿ ಪೆನ್ಸಿಲಿನಿಂದ ಎರಡು ಗೆರೆ ಎಳೆದಿದ್ದೇನೆ. ಅಲ್ಲಿ ಎರಡು ತೋರುಬೆರಳು ಕೊಟ್ಟು ಎತ್ತಿದಾಗ ವಿಮಾನ ಸಮವಾಗಿ, ಅಥವಾ ಮೂತಿ ತುಸುವೇ ತಗ್ಗಿ ನಿಲ್ಲಬೇಕು. ಬಾಲ ತಗ್ಗಿದರೆ ಬ್ಯಾಟರಿಯನ್ನು ಮುಂದಕ್ಕೆ ಸರಿಸುತ್ತೇನೆ.

ಫೇಲ್‌ಸೇಫ್ (ಸಿಗ್ನಲ್ ಕಡಿದಾಗ ಮೋಟಾರು ನಿಲ್ಲಿಸುವ ಏರ್ಪಾಡು) ಕೂಡ ನನ್ನ ಕೈಯಲ್ಲೇ ಇದೆ. ಪ್ರೊಪೆಲರ್ ಇಲ್ಲದೆ ಮೋಟಾರು ಓಡಿಸಿ, ಟ್ರಾನ್ಸ್‌ಮಿಟರ್ ಆರಿಸಿ, ಮೋಟಾರು ನಿಲ್ಲುವುದನ್ನು ಕಣ್ಣಾರೆ ನೋಡಿದ ಮೇಲೆಯೇ ಮೊದಲ ಬಾರಿ ಹಾರಿಸಿದ್ದು.

ಮಿಕ್ಕವುಗಳಲ್ಲಿ ಎರಡಕ್ಕೂ ವ್ಯತ್ಯಾಸವಿಲ್ಲ. ಮೊದಲು ಟ್ರಾನ್ಸ್‌ಮಿಟರ್, ಆಮೇಲೆ ವಿಮಾನದ ಬ್ಯಾಟರಿ. ಆರಿಸುವಾಗ ಇದರ ತಿರುಗುಮುರುಗು. ಪೂರ್ತಿ ಚಾರ್ಜಾದ ಲಿಪೋ (ಲಿಥಿಯಂ ಪಾಲಿಮರ್) ಬ್ಯಾಟರಿಯ ಒಂದೊಂದು ಸೆಲ್ಲೂ 4.2 ವೋಲ್ಟ್ ತೋರಿಸಬೇಕು. ಸರ್ಕಾರದ ಡ್ರೋನ್ ಜಾಲತಾಣವಾದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಜಾಗ ಹಸಿರು ವಲಯದಲ್ಲಿದೆಯೇ ಎಂದು ಮನೆಯಲ್ಲೇ ನೋಡಿಕೊಳ್ಳಬೇಕು.

ಕಟ್ಟಿದ ವಿಮಾನಕ್ಕೆ ಟ್ರಾನ್ಸ್‌ಮಿಟರ್ ಸೇರಿ ನನಗೆ ಸುಮಾರು ₹9,500 ಆಯಿತು, ನಾಲ್ಕು ವಾರಗಳ ಸಂಜೆಗಳು ಹೋದವು. ಭಾನುವಾರ ಬೆಳಿಗ್ಗೆ ಗಾಳಿ ಏಳುವ ಮೊದಲು ಒಂದು ಗಂಟೆ ಮಾತ್ರ ಹಾರಿಸುವ ನನಗೆ ಜೈರೋದ ನೆರವು ಅಷ್ಟಾಗಿ ಬೇಕಾಗುವುದಿಲ್ಲ. ಮಧ್ಯಾಹ್ನದ ಗಾಳಿಯಲ್ಲಿ ಹಾರಿಸಬೇಕಾದವರು, ಅಂಟು ಮತ್ತು ಬ್ಲೇಡು ಹಿಡಿದು ಕೂರಲು ಬಿಡುವಿಲ್ಲದವರು ಸಿದ್ಧ ವಿಮಾನವನ್ನೇ ಕೊಳ್ಳಲಿ. ಆದರೆ ಅದೇ ಮಾದರಿಯ ಬಿಡಿ ಸರ್ವೋಗಳು ಸಿಗುತ್ತವೆಯೇ ಎಂದು ಕೇಳಿಕೊಂಡು, ಎರಡನ್ನು ಜೊತೆಗೇ ತಂದಿಟ್ಟುಕೊಳ್ಳಲಿ.