ತೋಟದ ಕ್ಯಾಂಪಿಂಗ್‌ಗೆ ಅಡುಗೆ ಸಾಮಾನು: ಟ್ರಂಕ್, ಕ್ರೇಟ್, ಮುಚ್ಚಳದ ಬಾಕ್ಸ್ – ಮೂರನ್ನೂ ಬಳಸಿ ನೋಡಿದ ಮೇಲೆ

ನಾವು ಟೆಂಟ್ ಹಾಕುವುದು ಕಾಡಿನೊಳಗೆ ಅಲ್ಲ. ಅಲ್ಲಿ ಅನುಮತಿ ಇಲ್ಲದೆ ಉಳಿಯುವ ಹಾಗಿಲ್ಲ, ಬೆಂಕಿ ಹಚ್ಚುವ ಮಾತೇ ಇಲ್ಲ. ಕೊಡಗಿನ ಕಕ್ಕಬ್ಬೆ ಕಡೆ ನೆಂಟರ ಕಾಫಿ ತೋಟ ಇದೆ. ಮಳೆಗಾಲ ಮುಗಿದ ಮೇಲೆ ಮಕ್ಕಳು, ಅತ್ತೆ, ಮಾವ ಎಲ್ಲರೂ ಜೀಪಿನಲ್ಲಿ ಹೋಗಿ ತೊರೆಯ ಪಕ್ಕದ ಬಯಲಿನಲ್ಲಿ ಉಳಿಯುತ್ತೇವೆ. ಊಟ ಎಲ್ಲಾ ಅಲ್ಲೇ ಬೇಯಬೇಕು. ಹಾಗಾಗಿ ಪಾತ್ರೆ, ಒಲೆ, ಡಬ್ಬಿ ಯಾವುದರಲ್ಲಿ ತುಂಬಿಕೊಂಡು ಹೋಗಬೇಕು ಅನ್ನುವುದು ನಮ್ಮ ಮನೆಯಲ್ಲಿ ದೊಡ್ಡ ಚರ್ಚೆ.

ಮೊದಲು ಟ್ರಂಕ್. ಕೊಡಗಿನಲ್ಲಿ ಮಿಲಿಟರಿಗೆ ಹೋದವರಿಲ್ಲದ ಊರು ಸಿಗುವುದು ಕಷ್ಟ, ಕಪ್ಪು ಬಣ್ಣದ ತಗಡಿನ ಟ್ರಂಕ್ ಎಷ್ಟೋ ಮನೆಗಳಲ್ಲಿದೆ. ಮಾವನ ಟ್ರಂಕ್ ನಿಜಕ್ಕೂ ಗಟ್ಟಿ. ಚಿಲಕ ಹಾಕಿದರೆ ಕೋತಿಯೂ ತೆಗೆಯಲಾರದು, ಇಲಿಯೂ ಕಡಿಯಲಾರದು, ಮೇಲೆ ಇಬ್ಬರು ಆರಾಮಾಗಿ ಕೂರಬಹುದು. ಆದರೆ ಖಾಲಿ ಇದ್ದಾಗಲೇ ಭಾರ, ತುಂಬಿದರೆ ಎತ್ತಲು ಇಬ್ಬರು ಬೇಕು. ನಮ್ಮ ಕಡೆಯ ತೇವಕ್ಕೆ ಮೂಲೆಗಳು ತುಕ್ಕು ಹಿಡಿಯುತ್ತವೆ. ಎಲ್ಲಕ್ಕಿಂತ ಜಾಸ್ತಿ ತಲೆನೋವು ಅಂದರೆ ಅದರ ಆಳ. ತಳದಲ್ಲಿರುವ ಸೌಟು ಬೇಕಾದರೆ ಅರ್ಧ ಟ್ರಂಕ್ ನೆಲಕ್ಕೆ ಸುರಿಯಬೇಕು.

ತರಕಾರಿ ಮಂಡಿಯಲ್ಲಿ ಸಿಗುವ ಪ್ಲಾಸ್ಟಿಕ್ ಕ್ರೇಟ್ ಅಗ್ಗ, ಹಗುರ. ಒಳಗೇನಿದೆ ಅಂತ ಹೊರಗಿನಿಂದಲೇ ಕಾಣುತ್ತದೆ. ತೊಳೆದ ಪಾತ್ರೆ ಹಾಕಿಟ್ಟರೆ ನೀರು ತಾನೇ ಇಳಿದು ಹೋಗುತ್ತದೆ, ಇದು ಬೇರೆ ಎರಡಕ್ಕೂ ಇಲ್ಲದ ಗುಣ. ಆದರೆ ಸಣ್ಣ ಚಮಚಗಳು ತೂತಿನಿಂದ ಜಾರುತ್ತವೆ, ತೋಟದ ರಸ್ತೆಯ ಕೆಂಪು ಧೂಳು ಪೂರ್ತಿ ಒಳಗೆ ಬರುತ್ತದೆ, ರಾತ್ರಿ ಮಂಜಿಗೆ ಎಲ್ಲವೂ ಒದ್ದೆ. ಇರುವೆ ಬಗ್ಗೆ ಹೇಳುವುದೇ ಬೇಡ.

ಮೂರನೆಯದು ಎರಡೂ ಕಡೆ ಕ್ಲಿಪ್ ಇರುವ ಮುಚ್ಚಳದ ಪ್ಲಾಸ್ಟಿಕ್ ಬಾಕ್ಸ್. ನನ್ನ ಓಟು ಇದಕ್ಕೇ. ಒಂದು ದೊಡ್ಡ ಬಾಕ್ಸ್ ತರಬೇಡಿ, ಒಬ್ಬರೇ ಎತ್ತುವಂಥ ಎರಡು ತನ್ನಿ. ಖಾಲಿ ಮಾಡಿದರೆ ಅದೇ ಪಾತ್ರೆ ತೊಳೆಯುವ ತೊಟ್ಟಿ, ಮುಚ್ಚಳ ಬೋರಲು ಹಾಕಿದರೆ ತರಕಾರಿ ಹೆಚ್ಚುವ ಜಾಗ. ತೊಳೆದ ನೀರನ್ನು ತೊರೆಗೆ ಮಾತ್ರ ಚೆಲ್ಲಬೇಡಿ, ದೂರ ಗಿಡದ ಬುಡಕ್ಕೆ ಹಾಕಿ. ಇದರ ಒಂದೇ ಕೊರತೆ ಗಾಳಿ ಆಡದಿರುವುದು, ಒದ್ದೆ ಪಾತ್ರೆ ಹಾಕಿ ಮುಚ್ಚಿದರೆ ಮರುದಿನ ಮುಗ್ಗಲು ವಾಸನೆ. ಅದಕ್ಕೆ ನಾವು ಈಗಲೂ ಒಂದು ಕ್ರೇಟ್ ಜೊತೆಗೆ ಒಯ್ಯುತ್ತೇವೆ, ಪಾತ್ರೆ ಒಣಗಿಸುವುದಕ್ಕೆ ಅಷ್ಟೇ.

ಆದರೆ ಯಾವ ಬಾಕ್ಸ್ ಅನ್ನುವುದಕ್ಕಿಂತ ಹೇಗೆ ತುಂಬುತ್ತೀರಿ ಅನ್ನುವುದು ಮುಖ್ಯ ಅಂತ ನನಗೆ ಗಟ್ಟಿಯಾಗಿ ಅನ್ನಿಸುತ್ತದೆ. ಅತ್ತೆಯದು ಮನೆಯ ಕಪಾಟಿನ ಕ್ರಮ: ಪಾತ್ರೆ ಒಂದು ಕಡೆ, ಚಮಚ ಸೌಟು ಒಂದು ಕಡೆ, ಮಸಾಲೆ ಡಬ್ಬಿ ಒಂದು ಕಡೆ. ನೋಡಲು ಚೆಂದ. ಆದರೆ ಒಂದು ಲೋಟ ಕಾಫಿಗೆ ಎಲ್ಲಾ ಪೆಟ್ಟಿಗೆ ಬಿಚ್ಚಬೇಕಾಗುತ್ತದೆ. ನಾನು ಹೊತ್ತಿನ ಲೆಕ್ಕದಲ್ಲಿ ತುಂಬುತ್ತೇನೆ. ಕಾಫಿ ಪುಡಿ, ಬೆಲ್ಲ, ಸೋಸುವ ಬಟ್ಟೆ, ಚಿಕ್ಕ ಪಾತ್ರೆ, ಲೋಟ, ಲೈಟರ್ ಎಲ್ಲಾ ಒಂದೇ ಬಟ್ಟೆ ಚೀಲದಲ್ಲಿ, ಆ ಚೀಲ ಯಾವಾಗಲೂ ಮೇಲೆ. ರೊಟ್ಟಿಗೆ ಬೇಕಾದ ಅಕ್ಕಿ ಹಿಟ್ಟು, ತವಾ, ಇಕ್ಕಳ ಇನ್ನೊಂದರಲ್ಲಿ. ರಾತ್ರಿ ಅಡುಗೆಯದು ತಳಕ್ಕೆ. ಬೆಳಗಿನ ಚಳಿಯಲ್ಲಿ ಕೈ ನಡುಗುವಾಗ ಕಣ್ಣು ಮುಚ್ಚಿ ಕಾಫಿ ಚೀಲ ಎತ್ತಿಕೊಳ್ಳಬಹುದು, ಈಗ ಅತ್ತೆಯೂ ಒಪ್ಪಿದ್ದಾರೆ.

ಒಲೆಯಲ್ಲೂ ಎರಡು ಆಯ್ಕೆ. ಚಿಕ್ಕ ಬ್ಯುಟೇನ್ ಕ್ಯಾನ್‌ನ ಒಲೆ ಬಾಕ್ಸ್‌ನೊಳಗೇ ಕೂರುತ್ತದೆ, ಸಂಜೆಯ ಚಹಾಗೆ ಬಹಳ ಅನುಕೂಲ. ಆದರೆ ಬ್ಯುಟೇನ್ ಸುಮಾರು ಸೊನ್ನೆ ಡಿಗ್ರಿಯಲ್ಲಿ ಕುದಿಯುವ ಅನಿಲ, ಆದ್ದರಿಂದ ಡಿಸೆಂಬರ್ ಬೆಳಗಿನ ಚಳಿಗೆ ಕ್ಯಾನ್‌ನ ಒತ್ತಡ ಇಳಿದು ಉರಿ ಸಣ್ಣಗಾಗುತ್ತದೆ. ಮನೆಮಂದಿಗೆಲ್ಲಾ ಅಡುಗೆ ಆಗಬೇಕಾದರೆ 5 ಕೆಜಿ ಸಿಲಿಂಡರೇ ಸರಿ. ಅದನ್ನು ಬಾಕ್ಸ್ ಒಳಗೆ ಮಾತ್ರ ಇಡಬೇಡಿ. ನೆಟ್ಟಗೆ ನಿಲ್ಲಿಸಿ, ಅಲುಗದಂತೆ ಕಟ್ಟಿ, ಗಾಡಿಯ ಕಿಟಕಿ ತೆರೆದಿಡಿ, ಯಾಕಂದರೆ ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ತಳದಲ್ಲೇ ನಿಲ್ಲುತ್ತದೆ. ಟೆಂಟ್ ಒಳಗೆ ಎರಡರಲ್ಲಿ ಯಾವುದನ್ನೂ ಹಚ್ಚಬಾರದು.

ಪಾತ್ರೆಗೆ ಬಂದರೆ, ಕುಕ್ಕರ್ ಭಾರ ಅಂತ ಬಿಟ್ಟು ಹೋಗಬೇಡಿ. ಮಡಿಕೇರಿಯಷ್ಟು ಎತ್ತರದಲ್ಲಿ ನೀರು ಸುಮಾರು 96 ಡಿಗ್ರಿಗೇ ಕುದಿಯುತ್ತದೆ, ತೆರೆದ ಪಾತ್ರೆಯಲ್ಲಿ ಬೇಳೆ ಬೇಯಲು ಹೊತ್ತು ಹಿಡಿಯುತ್ತದೆ, ಗ್ಯಾಸೂ ಜಾಸ್ತಿ ಹೋಗುತ್ತದೆ. ವಿಷಲ್, ಗ್ಯಾಸ್ಕೆಟ್ ಎರಡನ್ನೂ ಕುಕ್ಕರ್ ಒಳಗೇ ಇಡಿ, ಉಳಿದ ಜಾಗಕ್ಕೆ ಈರುಳ್ಳಿ ತುಂಬಿ. ಅಲ್ಯೂಮಿನಿಯಂ ಹಗುರ ನಿಜ, ಆದರೆ ಪಂದಿ ಕರಿಗೆ (ಹಂದಿ ಮಾಂಸದ ಅಡುಗೆ) ಕಾಚಂಪುಳಿ, ಅಂದರೆ ಕೊಡಗಿನ ಕಪ್ಪು ಹುಳಿ ರಸ, ಹಾಕುವವರು ಸ್ಟೀಲ್ ಪಾತ್ರೆಯನ್ನೇ ಒಯ್ಯಿರಿ, ಅಷ್ಟು ಹುಳಿಗೆ ಅಲ್ಯೂಮಿನಿಯಂ ಒಳ್ಳೆಯದಲ್ಲ. ಕಾಚಂಪುಳಿಯನ್ನು ಚಿಕ್ಕ ಗಾಜಿನ ಬಾಟಲಿಗೆ ಸುರಿದು, ಪಾತ್ರೆ ಒರೆಸುವ ಬಟ್ಟೆಯಲ್ಲಿ ಸುತ್ತಿ ನೆಟ್ಟಗೆ ಇಡಿ. ನೂಪುಟ್ಟು (ಅಕ್ಕಿ ಶಾವಿಗೆ) ಒತ್ತುವ ಒರಳು ಮನೆಯಲ್ಲೇ ಇರಲಿ, ರೊಟ್ಟಿ ಸಾಕು.